ಅಳತೆ ತೆಗೆದವರ ಸಹಿ

ಚಿತ್ರದುರ್ಗದ ಕಾಲೇಜಿನಿಂದ ಕಾಗದ ಬಂದದ್ದು ಏಪ್ರಿಲ್ ಮೊದಲ ವಾರ. ಸಿನಿಮಾ ಅಧ್ಯಯನದ ಒಂದು ವರ್ಷದ ಕೋರ್ಸು. ಶನಿವಾರ, ಭಾನುವಾರ ಮಾತ್ರ ಪಾಠ. ವಯಸ್ಸಿನ ಮಿತಿ ಇಲ್ಲ, ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ನನ್ನ ಅರ್ಜಿ ತಲುಪಿದೆ, ಆದರೆ ಸೀಟು ಸಿಕ್ಕಿತೆಂದು ತಿಳಿಯಬಾರದು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಜೊತೆಗಿದ್ದ ಪಟ್ಟಿಯ ಹತ್ತು ಸಿನಿಮಾಗಳನ್ನು ಬೇಸಿಗೆಯಲ್ಲಿ ನೋಡಿ, ಒಂದೊಂದರ ಬಗ್ಗೆಯೂ ನೋಟ್‌ಬುಕ್ಕಿನಲ್ಲಿ ಬರೆದು, ಜೂನ್ ಕೊನೆಗೆ ಅದನ್ನು ಹಿಡಿದುಕೊಂಡು ಮಾತುಕತೆಗೆ ಬರಬೇಕು. ಇರುವುದು ಹದಿನೈದೇ ಸೀಟು. ನನಗೆ ಅರವತ್ತೊಂದು ವರ್ಷ, ಹಿರಿಯೂರಿನಲ್ಲಿ ಸ್ವಂತ ಮನೆ, ಎಡ ಮಂಡಿಯಲ್ಲಿ ಸಣ್ಣ ನೋವು. ಪರೀಕ್ಷೆ ಎಂಬ ಮಾತು ಕೇಳಿ ನಲವತ್ತು ವರ್ಷವಾಗಿತ್ತು.

ಸಿನಿಮಾ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಬಬ್ಬೂರಿನ ಬೆಳೆ ಫಾರಂನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದವನು ನಾನು. ಬೆಳಗ್ಗೆ ಆರಕ್ಕೆ ಬದುವಿನ ಮೇಲೆ ನಿಂತಿರಬೇಕಾದವನಿಗೆ ಥಿಯೇಟರಿನ ಕತ್ತಲೆಂದರೆ ಒಳ್ಳೆಯ ನಿದ್ದೆ, ಅಷ್ಟೇ. ನಿವೃತ್ತನಾದ ವರ್ಷ ಹೊಸದುರ್ಗದ ಮಗಳ ಮನೆಗೆ ಹೋಗಿದ್ದಾಗ ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾ ಬರುತ್ತಿತ್ತು. ಒಬ್ಬ ಮುದುಕ ಅಂಗಡಿ ಬಾಗಿಲು ಹಾಕುತ್ತಾನೆ, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡುತ್ತಾನೆ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. ಯಾರೂ ಸತ್ತಿರಲಿಲ್ಲ, ಯಾರೂ ಅತ್ತಿರಲಿಲ್ಲ. ನಾನು ಮಾತ್ರ ಅಳುತ್ತಿದ್ದೆ. ಮಗಳು ಗಾಬರಿಯಾಗಿ, "ಅಪ್ಪ, ಏನಾತು? ಎದೆ ನೋಯ್ತೈತಾ?" ಎಂದಳು.

ಏನಾಯಿತೆಂದು ನನಗೇ ಗೊತ್ತಾಗಲಿಲ್ಲ. ಅದೇ ನನ್ನನ್ನು ಕಾಡಿತು. ಗಿಡದ ಎಲೆ ಯಾಕೆ ಹಳದಿಯಾಯಿತು ಎಂದು ಜೀವನವಿಡೀ ಕಾರಣ ಹುಡುಕಿದವನು ನನ್ನ ಕಣ್ಣಲ್ಲಿ ಯಾಕೆ ನೀರು ಬಂತು ಎಂದು ಹೇಳಲಾರದೆ ಹೋದೆ. ಇದನ್ನು ಮಗಳ ಮುಂದೆ ಆಡಿಕೊಂಡದ್ದಕ್ಕೆ ಅವಳೇ ಈ ಕೋರ್ಸು ಹುಡುಕಿ ಅರ್ಜಿ ತುಂಬಿದಳು. ಊರಲ್ಲಿ ಗೊತ್ತಾಗದಿರಲಿ ಎಂದು ಬಚ್ಚಿಟ್ಟೆ. ಹಿರಿಯೂರಿನಲ್ಲಿ ಯಾವುದು ತಾನೇ ಬಚ್ಚಿಟ್ಟರೆ ಉಳಿಯುತ್ತದೆ? ವಾರದೊಳಗೆ ಬಸ್ ಸ್ಟ್ಯಾಂಡ್ ಹೋಟೆಲಿನ ಗೆಳೆಯರು ನನ್ನನ್ನು ಕಂಡರೆ, "ಹೀರೋ ಬಂದ, ಜಾಗ ಬಿಡ್ರಪ್ಪ" ಎನ್ನತೊಡಗಿದರು. ಇನ್ನು ಸೀಟು ಸಿಗದಿದ್ದರೆ ಆ ಹೋಟೆಲಿನ ಕಾಫಿಯನ್ನೇ ಬಿಡಬೇಕಾಗುತ್ತಿತ್ತು. ಮಾತು ಕಾಫಿಯದಷ್ಟೇ ಅಲ್ಲ ಅನ್ನಿ. ನನಗೆ ಆ ಸೀಟು ಬೇಕಿತ್ತು. ಮಗುವಿಗೆ ಮಿಠಾಯಿ ಬೇಕೆನ್ನಿಸುವ ಹಾಗೆ ಬೇಕಿತ್ತು.

ಮಗಳು ಬಂದು ಮೊಬೈಲನ್ನು ಟಿವಿಗೆ ಜೋಡಿಸುವುದು ಹೇಗೆಂದು ತೋರಿಸಿಕೊಟ್ಟು ಹೋದಳು. ನಾನು ನಮ್ಮ ಫಾರಂನ ಪದ್ಧತಿಯಂತೆ ದಪ್ಪ ರಟ್ಟಿನ ರಿಜಿಸ್ಟರು ತಂದು, ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ ಮಾಡಿದೆ. ದೃಶ್ಯದ ಸಂಖ್ಯೆ, ಸ್ಥಳ, ಜನ ಎಷ್ಟು, ಬೆಳಕು ಯಾವ ಕಡೆಯಿಂದ, ಸದ್ದು ಏನು, ಷರಾ. ಕೊನೆಯಲ್ಲಿ ಅಳತೆ ತೆಗೆದವರ ಸಹಿ. ಫಾರಂನಲ್ಲಿ ಯಾವ ಅಂಕಿಯೂ ಸಹಿ ಇಲ್ಲದೆ ರಿಜಿಸ್ಟರಿಗೆ ಹೋಗುತ್ತಿರಲಿಲ್ಲ. ಯಾರ ಕಣ್ಣು ಕಂಡಿತೋ ಅವರೇ ಸಹಿ ಮಾಡಬೇಕು. ಸಾಹೇಬರು ಹೇಳಿದರೆಂದು ಇನ್ನೊಬ್ಬರು ಮಾಡುವಂತಿಲ್ಲ.

ಇಲ್ಲಿಯವರೆಗೆ ಎಲ್ಲಾ ಸರಿ. ಮುಂದಿನದನ್ನು ಬರೆಯಲು ಈಗಲೂ ನಾಚಿಕೆ. ನಮ್ಮ ತಾಕುಗಳಲ್ಲಿ ಬೆಳೆಯ ಎತ್ತರ ಅಳೆಯುವಾಗ ಅಂಚಿನ ಸಾಲುಗಳನ್ನು ಬಿಟ್ಟುಬಿಡುತ್ತೇವೆ. ಅಂಚಿನ ಗಿಡಕ್ಕೆ ಗಾಳಿ ಬೆಳಕು ಹೆಚ್ಚು, ಅದು ಸೊಕ್ಕಿ ಬೆಳೆದಿರುತ್ತದೆ, ಅದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಒಳಗಿನಿಂದ ಐದು ಗಿಡ ಆರಿಸಿ, ಗುರುತು ಕಟ್ಟಿ, ಅವನ್ನು ಮಾತ್ರ ಅಳೆಯುವುದು. ಸಿನಿಮಾಕ್ಕೂ ನಾನು ಇದನ್ನೇ ಮಾಡಿದೆ. ಮೊದಲ ಕಾಲು ಗಂಟೆ, ಕೊನೆಯ ಕಾಲು ಗಂಟೆ ಅಂಚಿನ ಸಾಲೆಂದು ಕೈಬಿಟ್ಟೆ. ಅಲ್ಲಿ ಜನರನ್ನು ಮೆಚ್ಚಿಸಲು ಏನೇನೋ ಆಟ ಹೂಡಿರುತ್ತಾರೆ, ನಂಬುವ ಹಾಗಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿದ ನಡುಭಾಗದಲ್ಲಿ ಐದು ದೃಶ್ಯ ಆರಿಸಿ, ಅವನ್ನೇ ಮತ್ತೆ ಮತ್ತೆ ನೋಡಿ ಕಾಲಂ ತುಂಬಿದೆ. ಹೀಗೆ ಮೂರೇ ವಾರದಲ್ಲಿ ಏಳು ಸಿನಿಮಾ ಮುಗಿಸಿ, ಇಷ್ಟು ಸುಲಭವೇ ಎಂದು ಬೀಗುತ್ತಿದ್ದೆ.

ನನ್ನ ಹೆಂಡತಿ ತಾಳ್ಯದವಳು. ಪ್ರತಿ ಬೇಸಿಗೆಯಲ್ಲೂ ಅವಳ ತವರಿನಿಂದ ಎರಡು ಚೀಲ ಹುಣಸೆಹಣ್ಣು ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು, ಕಲ್ಲಿನ ಮೇಲೆ ಕುಟ್ಟಿ ಬೀಜ ತೆಗೆಯುವುದು ಅವಳ ಕೆಲಸ. ಆ ವರ್ಷ ಕುಟ್ಟುತ್ತಲೇ ನನ್ನ ಟಿವಿಯ ಕಡೆಗೂ ಒಂದು ಕಣ್ಣಿಟ್ಟಿದ್ದಳು. ನಾನು ಓಡಿಸಿ, ನಿಲ್ಲಿಸಿ, ಹಿಂದಕ್ಕೆ ತಳ್ಳುವುದನ್ನು ಸುಮಾರು ದಿನ ಸಹಿಸಿಕೊಂಡಳು. ಏಳನೆಯದು ಹಿಮ ಬೀಳುವ ಯಾವುದೋ ದೇಶದ ಟಪಾಲಿನವನ ಕಥೆ. ಅದನ್ನು ಮುಗಿಸಿ ಸಹಿ ಹಾಕುತ್ತಿದ್ದಾಗ ಅವಳು ಕೇಳಿದಳು.

"ಏನ್ರಿ, ಆ ಟಪಾಲಿನವ ಕೊನೀಗೆ ಆ ಕಾಗದ ಕೊಟ್ನೋ ಇಲ್ವೋ?"

"ಕೊನೆ ನೋಡಿಲ್ಲ," ಎಂದೆ.

"ಯಾಕೆ, ಕರೆಂಟ್ ಹೋತಾ?"

"ಇಲ್ಲ. ಕೊನೆ ಲೆಕ್ಕಕ್ಕೆ ಬರಲ್ಲ. ಅಂಚಿನ ಸಾಲು ಅದು."

ಅವಳ ಕೈ ನಿಂತಿತು. ಅಂಚಿನ ಸಾಲೆಂದರೇನು ಎಂದು ಅವಳಿಗೆ ವಿವರಿಸಬೇಕಿರಲಿಲ್ಲ. ಅಷ್ಟು ವರ್ಷ ರಾತ್ರಿ ಊಟಕ್ಕೆ ಕೂತಾಗ ನಾನು ಆಡಿದ್ದೆಲ್ಲ ತಾಕಿನ ಮಾತೇ. ರಿಜಿಸ್ಟರು ಇಸಕೊಂಡು ಏಳೂ ಪುಟ ತಿರುವಿದಳು. ಷರಾ ಕಾಲಂ ಉದ್ದಕ್ಕೂ ಖಾಲಿ ಇತ್ತು.

"ಅಲ್ರಿ, ಬೀಗರ ಮನೀಗೆ ಹೋಗಿ, ಹೋದಾಗ ಮಾತಾಡಿಸ್ದೆ, ಬರೋವಾಗ ಹೇಳ್ದೆ, ನಡುವೆ ಅವರ ಅಡಿಗೆ ಮನೆ ಅಳತೆ ತಗಂಡು ಬಂದಂಗಾತು ನಿಮ್ದು," ಎಂದಳು. "ಇಲ್ಲಿ ಏನೂ ಬರ್ದೇ ಇಲ್ವಲ್ಲ?"

"ಕಂಡದ್ದು ಬರೀಬೇಕು, ಅನ್ನಿಸಿದ್ದು ಬರೀಬಾರದು. ನನಗೆ ಕಲಿಸಿದ್ದೇ ಹಂಗೆ."

"ಕಡಲೆ ಗಿಡಕ್ಕೆ ಅದು ಸರಿ ಐತೆ. ಇವ್ರು ಮನುಷ್ಯರಲ್ವಾ?"

ನನಗೆ ರೇಗಿಹೋಯಿತು. ಹುಣಸೆಹಣ್ಣು ಕುಟ್ಟುವವಳು ನನಗೆ ಪಾಠ ಹೇಳುತ್ತಾಳೆಂದು ರೇಗಿತು. ಮಧ್ಯಾಹ್ನದ ಆ ಬಿಸಿಲಿನಲ್ಲಿ ಬೈಕ್ ಹತ್ತಿ ಮಾರಿಕಣಿವೆ ಡ್ಯಾಮಿನವರೆಗೆ ಹೋಗಿ, ನೀರು ನೋಡುತ್ತಾ ಒಂದು ಗಂಟೆ ಕೂತೆ. ಅವಳು ಹೇಳಿದ್ದು ಸರಿಯೆಂದು ಅಲ್ಲಿ ಕೂತ ಹತ್ತೇ ನಿಮಿಷಕ್ಕೆ ಗೊತ್ತಾಗಿತ್ತು. ಉಳಿದ ಐವತ್ತು ನಿಮಿಷ ಬೇಕಾದದ್ದು ಮನೆಗೆ ಹೋಗಿ ಅದನ್ನು ಒಪ್ಪಿಕೊಳ್ಳುವ ಧೈರ್ಯಕ್ಕೆ. ಹೋದಾಗ ಅವಳು ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟು, "ಟಪಾಲಿನವಂದು ಮೊದ್ಲಿಂದ ಹಾಕ್ರಿ, ಕುಂತ್ಕಂತೀನಿ" ಎಂದಳು.

ಮೇ ನಡುವಿನಿಂದ ನಮ್ಮ ಮಧ್ಯಾಹ್ನಗಳು ಹಾಗೆ ಶುರುವಾದವು. ನನ್ನ ಬದುಕಿನ ಒಳ್ಳೆಯ ಬೇಸಿಗೆ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಕಿಟಕಿಗೆ ಒದ್ದೆ ಟವೆಲ್ಲು, ಮೇಲೆ ಕಿರುಗುಟ್ಟುವ ಫ್ಯಾನು, ನಡುವೆ ಹುಣಸೆಹಣ್ಣಿನ ಮೊರ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳ ವೇಗಕ್ಕೆ ನನ್ನ ಕಣ್ಣು ಓಡುತ್ತಿರಲಿಲ್ಲ, ಅವಳು ಆ ಕಡೆ ನೋಡುತ್ತಲೇ ಇರಲಿಲ್ಲ. ಜನರ ಮುಖ ನೋಡುತ್ತಿದ್ದಳು, ಮುಖಕ್ಕಿಂತ ಹೆಚ್ಚಾಗಿ ಕೈ ನೋಡುತ್ತಿದ್ದಳು. ಟಪಾಲಿನವನ ಮನೆಯಲ್ಲಿ ಅವನ ಅಮ್ಮ ಮಗನಿಗೆ ನಗುನಗುತ್ತಾ ಬಡಿಸುವ ದೃಶ್ಯವೊಂದಿದೆ. ನಾನು ಎರಡು ಜನ, ಬೆಳಕು ಎಡಗಡೆಯಿಂದ, ಎಂದು ಬರೆದುಕೊಂಡಿದ್ದೆ. ಅವಳು, "ಹಿಂದ್ಗಡೆ ಒಲೆ ನೋಡ್ರಿ, ಹೊತ್ತಿಸೇ ಇಲ್ಲ. ಆ ಊಟ ನಿನ್ನೇದು. ಆವಮ್ಮ ತನ್ನ ಪಾಲಿಂದು ಎತ್ತಿಟ್ಟಿದ್ಲು" ಎಂದಳು. ನಾನು ಹಿಂದಕ್ಕೆ ತಳ್ಳಿ ನೋಡಿದೆ. ಒಲೆ ಆರಿತ್ತು. ಅದೇ ದೃಶ್ಯವನ್ನು ಮೊದಲು ಕಡಿಮೆಯೆಂದರೆ ಆರು ಸಲ ನೋಡಿದ್ದೆ.

ಅವಳ ಮಾತುಗಳನ್ನು ಷರಾ ಕಾಲಮ್ಮಿನಲ್ಲಿ ಬರೆಯತೊಡಗಿದೆ. ಬರೆದ ಮೇಲೆ ಸಹಿಯ ಪ್ರಶ್ನೆ ಬಂತು. ಕಂಡವಳು ಅವಳು, ನಾನು ಸಹಿ ಮಾಡುವುದು ಹೇಗೆ? ಮಾಡು ಎಂದರೆ ನಕ್ಕಳು. "ನನ್ದ್ಯಾಕ್ರಿ, ಪರೀಕ್ಷೆ ನಿಮ್ದು." ನಾನು ಬಿಡಲಿಲ್ಲ. ಸುಳ್ಳು ಸಹಿ ನನ್ನ ಕೈಯಿಂದ ಆಗುವ ಕೆಲಸವಲ್ಲ. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದಳು. ಜೂನ್ ಬರುವ ಹೊತ್ತಿಗೆ ಅವಳ ಸಹಿ ಸಲೀಸಾಗಿ ಹರಿಯುತ್ತಿತ್ತು, ಪುಟಕ್ಕೆ ಎರಡು ಮೂರು ಕಡೆ ಇರುತ್ತಿತ್ತು. ಹತ್ತೂ ಸಿನಿಮಾ ಮುಗಿದವು, ಕೊನೆಗಳ ಸಮೇತ. ಹುಣಸೆಹಣ್ಣು ಮಾತ್ರ ಅರ್ಧ ಚೀಲ ಉಳಿಯಿತು.

ಮಾತುಕತೆಯ ದಿನ, "ಒಬ್ರೇ ಹೋಗ್ಬೇಡ್ರಿ, ಹೋಗಾಣ ನಡೀರಿ" ಎಂದು ಅವಳೂ ಹೊರಟಳು. ಕಾಲೇಜಿನ ವೆರಾಂಡದಲ್ಲಿ ಕಿವಿಗೆ ಇಯರ್‌ಫೋನಿನ ಬಳ್ಳಿ ಸಿಕ್ಕಿಸಿಕೊಂಡ ಇಪ್ಪತ್ತು ವರ್ಷದವರು ಸಾಲಾಗಿ ಕೂತಿದ್ದರು. ಒಬ್ಬಳು ಎದ್ದು ನನಗೆ ಜಾಗ ಬಿಟ್ಟು, "ಮಗಳಿಗೆ ಅಡ್ಮಿಷನ್ನಾ ಅಂಕಲ್?" ಎಂದಳು. ನನಗೇ ಎಂದೆ. ಅವಳು ನಗಲಿಲ್ಲ, ಅದೇ ಪುಣ್ಯ.

ಒಳಗೆ ಕೋರ್ಸಿನ ಮುಖ್ಯಸ್ಥೆ ಒಬ್ಬರೇ ಇದ್ದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ರಿಜಿಸ್ಟರಿನ ಪುಟಗಳನ್ನು ನಿಧಾನವಾಗಿ ತಿರುವಿ, ಸಹಿಗಳ ಮೇಲೆ ಬೆರಳಿಟ್ಟರು.

"ಸರ್, ಇದು ಯಾರದು?"

"ನಮ್ಮ ಮನೆಯಾಕೇದು ಮೇಡಂ. ಹೊರಗೆ ಕೂತಿದ್ದಾಳೆ."

"ಅವರನ್ನೂ ಕರೀರಿ."

ಅವಳು ಕೈಯಲ್ಲಿದ್ದ ನೀರಿನ ಬಾಟಲಿ ಸಮೇತ ಬಂದು ಕುರ್ಚಿಯ ತುದಿಗೆ ಕೂತಳು. ಮೇಡಂ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ ಆರು ನಿಮಿಷದ, ಮಾತೇ ಇಲ್ಲದ ಒಂದು ಸಿನಿಮಾ ಹಾಕಿದರು. ಒಂದು ಮನೆ, ಮುಂದೆ ಸೈಕಲ್ ಹಿಡಿದು ನಿಂತ ಗಂಡಸು. ಕ್ಯಾರಿಯರ್ ಮೇಲೆ ಒಂದು ಬ್ಯಾಗು ಕಟ್ಟಿದೆ. ಮನೆಯ ಹೆಂಗಸು ಹೊರಗೆ ಬರುತ್ತಾಳೆ, ಒಳಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಕೊನೆಗೆ ಅವನು ಬ್ಯಾಗು ಬಿಚ್ಚಿ ಜಗಲಿಯ ಮೇಲಿಟ್ಟು ಒಬ್ಬನೇ ಸೈಕಲ್ ಹತ್ತಿ ಹೋಗುತ್ತಾನೆ.

"ಏನು ನೋಡಿದಿರಿ, ಸರ್?"

ನಾನು ಹೇಳಿದೆ. ಆ ಹೆಂಗಸು ನಾಲ್ಕು ಸಲ ಒಳಗೆ ಹೋದಳು. ಸೈಕಲ್ಲಿನ ನೆರಳು ಬಲಕ್ಕಿದ್ದದ್ದು ಕಾಲ ಬುಡಕ್ಕೆ ಬಂತು, ಎಂದರೆ ಅವನು ಗಂಟೆಗಟ್ಟಲೆ ನಿಂತಿದ್ದಾನೆ. ಸೈಕಲ್ಲಿಗೆ ಬೆಲ್ಲಿದೆ, ಅವನು ಒಂದು ಸಲವೂ ಹೊಡೆಯಲಿಲ್ಲ. ಮೇಡಂ ತಲೆದೂಗುತ್ತಿದ್ದರು. ನನಗೆ ಹುರುಪು ಬಂತು.

"ಸರಿ. ನಿಮಗೆ ಏನನ್ನಿಸಿತು?"

"ಆಕೆ ಏನನ್ನೋ ಮರೆತಿರಬೇಕು," ಎಂದೆ. ಹೇಳುವಾಗಲೇ ಗೊತ್ತಾಯಿತು, ಅಲ್ಲ ಎಂದು.

ಮೇಡಂ ನನ್ನ ಹೆಂಡತಿಯ ಕಡೆ ನೋಡಿದರು. ಅವಳು ನನ್ನ ಮುಖ ನೋಡಿ, ಮಾತಾಡಲೇ ಎಂಬಂತೆ ಸ್ವಲ್ಪ ಕಾದು, ಆಮೇಲೆ ಹೇಳಿದಳು. "ಆಕೀಗೆ ಹೋಗಾಕೆ ಮನಸಿಲ್ಲ ಮೇಡಂ. ಅದು ಆತಂಗೂ ಗೊತ್ತೈತೆ. ಬೆಲ್ ಹೊಡುದ್ರೆ ಆಕಿ ಬರ್ಲೇಬೇಕಾಗ್ತತೆ. ಅದ್ಕೆ ಹೊಡೀಲಿಲ್ಲ."

ನಾನು ತಲೆ ತಗ್ಗಿಸಿದೆ. ಮದುವೆ ಮುಂಜಿಗೆ ಹೊರಟಾಗ, ಹೊಸದುರ್ಗಕ್ಕೆ ಹೊರಟಾಗ, ಅವಳಪ್ಪ ತೀರಿಕೊಂಡ ಸುದ್ದಿ ಬಂದು ತಾಳ್ಯಕ್ಕೆ ಹೊರಟಾಗಲೂ, ನಾನು ಬಾಗಿಲಲ್ಲಿ ಬೈಕ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆದವನು. ಅವಳು ಸೆರಗು ಸಿಕ್ಕಿಸಿಕೊಳ್ಳುತ್ತಾ ಓಡಿ ಬರುತ್ತಿದ್ದಳು. ಅವಳು ನನ್ನನ್ನು ಉದ್ದೇಶಿಸಿ ಹೇಳಿರಲಿಲ್ಲ, ಆ ಸೈಕಲ್ಲಿನವನ ಬಗ್ಗೆಯೇ ಹೇಳಿದ್ದಳು. ಅದು ಇನ್ನೂ ಕಷ್ಟವಾಯಿತು.

ಮೇಡಂ ಡ್ರಾಯರಿನಿಂದ ಒಂದು ಅರ್ಜಿ ತೆಗೆದು ಅವಳ ಮುಂದಿಟ್ಟರು. ಕೊನೆಯ ದಿನಾಂಕ ಇನ್ನೂ ಮುಗಿದಿಲ್ಲ, ಹತ್ತು ಸಿನಿಮಾದ ಕೆಲಸ ಮಾಡಿಯೇ ಆಗಿದೆ, ನೀವೂ ಹಾಕಿ, ಎಂದರು. ಅವಳು ಬೇಡ ಬೇಡವೆಂದಳು. ನಾನೇ ಉತ್ಸಾಹದಿಂದ, ನೀನೂ ಎಸ್ಸೆಸ್ಸೆಲ್ಸಿ ಪಾಸಾದವಳೇ, ಹಾಕಿದರೆ ಹೋಗುವುದೇನು ಎಂದು ಪೆನ್ನು ತೆಗೆದು ನನ್ನ ಅಕ್ಷರದಲ್ಲೇ ತುಂಬಿದೆ. ಅವಳು ಸಹಿ ಮಾಡಿದಳು. ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತಾ ನಗುನಗುತ್ತಲೇ ಮನೆಗೆ ಬಂದೆವು.

ಸೋಮವಾರ ಪಟ್ಟಿ ಬಂತು. ಮಗಳು ಮೊಬೈಲಿಗೆ ಕಳಿಸಿದ್ದಳು. ಹದಿನೈದು ಹೆಸರಿನಲ್ಲಿ ಹದಿನಾಲ್ಕನೆಯದು ನನ್ನ ಹೆಂಡತಿಯದು. ಕೆಳಗೆ ಇನ್ನೊಂದು ಸಣ್ಣ ಪಟ್ಟಿ, ಯಾರಾದರೂ ಸೀಟು ಬಿಟ್ಟರೆ ಸಿಗುವವರದು. ಅದರಲ್ಲಿ ನಾನೇ ಮೊದಲಿಗ. ಬುಧವಾರ ಸಂಜೆಯೊಳಗೆ ಫೋನ್ ಮಾಡಿ ಬರುತ್ತೇವೋ ಇಲ್ಲವೋ ತಿಳಿಸಬೇಕು.

ಅವಳಿಗೆ ಓದಿ ಹೇಳಿದೆ. "ನನಗ್ಯಾಕ್ರಿ ಅದೆಲ್ಲಾ," ಎಂದು ಅಡಿಗೆ ಮನೆಗೆ ಹೋದಳು. ಆದರೆ ಸ್ವಲ್ಪ ಹೊತ್ತಿಗೆ ಬಂದು, "ನನ್ನ ಹೆಸರು ಎಲ್ಲೈತೆ, ತೋರಿಸ್ರಿ" ಎಂದು ಮೊಬೈಲ್ ಇಸಕೊಂಡು ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

ಆಮೇಲಿನ ಎರಡು ದಿನ ನಾನು ಏನೂ ಹೇಳಲಿಲ್ಲ. ಸುಳ್ಳು ಸಹಿ ಮಾಡದವನೆಂದು ಮೇಲೆ ಜಂಬ ಕೊಚ್ಚಿಕೊಂಡಿದ್ದೇನೆ, ಆದ್ದರಿಂದ ಇದನ್ನೂ ಬರೆಯಬೇಕು. ಅವಳು ಬಿಡಲಿ ಎಂದು ಕಾದೆ. ಅವಳು ಬಿಟ್ಟರೆ ಸೀಟು ನನಗೆ. ಮೂವತ್ತೈದು ವರ್ಷದಲ್ಲಿ ಯಾವ ವಿಷಯದಲ್ಲೂ ಅವಳೇ ಬಿಟ್ಟವಳು, ಇದನ್ನೂ ಬಿಡುತ್ತಾಳೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಗೊತ್ತಿತ್ತು. ಹೊಟ್ಟೆಕಿಚ್ಚೂ ಇತ್ತು. ಕಡಲೆಕಾಯಿ ತಿಂದು ನಕ್ಕವನು ನಾನೇ, ಆದರೆ ಅವಳ ಹೆಸರು ಮೇಲೆ ಬರುತ್ತದೆಂದು ನನ್ನ ಕನಸಿನಲ್ಲೂ ಇರಲಿಲ್ಲ. ಮಂಗಳವಾರ ಹೋಟೆಲಿಗೆ ಹೋಗಲಿಲ್ಲ. ಅವಳು ಎಂದಿನಂತೆ ರೊಟ್ಟಿ ಬಡಿದಳು, ಬಟ್ಟೆ ಒಣಗಿಸಿದಳು, ಉಳಿದ ಹುಣಸೆಹಣ್ಣು ಕುಟ್ಟಿ ಮುಗಿಸಿದಳು. ಟಿವಿ ಹಾಕಲಿಲ್ಲ.

ಬುಧವಾರ ನಾಲ್ಕು ಗಂಟೆಗೆ, "ಮೇಡಂ ನಂಬರು ಒತ್ತಿ ಕೊಡ್ರಿ, ಹೇಳಿಬಿಡ್ತೀನಿ" ಎಂದಳು. ಒತ್ತಿಕೊಟ್ಟೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಅವಳ ಕೈ ನೋಡಿದೆ. ಕೈ ನೋಡುವುದನ್ನು ಆ ಬೇಸಿಗೆ ಅವಳೇ ಕಲಿಸಿದ್ದು. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಬೇಡದ ವಸ್ತುವನ್ನು ಯಾರೂ ಹಾಗೆ ಹಿಡಿಯುವುದಿಲ್ಲ.

"ಹಲೋ ಮೇಡಂ, ನಾನು ಹಿರಿಯೂರಿಂದ," ಎಂದಳು. "ಅದೇ ಸೀಟಿನ ವಿಷಯ..."

"ಬರ್ತೀನಿ ಅಂತ ಹೇಳು," ಎಂದೆ.

ಅವಳು ತಿರುಗಿ ನೋಡಿದಳು. ನನ್ನ ದನಿ ಒರಟಾಗಿಯೇ ಬಂದಿತ್ತು, ಜಗಳಕ್ಕೆ ನಿಂತವನ ಹಾಗೆ. ಆ ಕಡೆಯಿಂದ ಮೇಡಂ ಹಲೋ ಹಲೋ ಎನ್ನುವುದು ನನಗೂ ಕೇಳುತ್ತಿತ್ತು.

"ಬರ್ತೀನಿ ಮೇಡಂ," ಎಂದಳು ಅವಳು. ಎಷ್ಟು ಗಂಟೆಗೆ, ಏನೇನು ತರಬೇಕು ಎಂದೆಲ್ಲ ವಿಚಾರಿಸಿ, ಫೋನನ್ನು ಟೇಬಲ್ ಮೇಲಿಟ್ಟಳು. ಅವಳ ಮುಖದಲ್ಲಿ ಆಶ್ಚರ್ಯವಿರುತ್ತದೆಂದು ನಾನು ಎದುರು ನೋಡುತ್ತಿದ್ದೆ. ಇರಲಿಲ್ಲ.

"ಎರಡು ದಿನ ತಗಂಡ್ರಿ," ಎಂದಳು. "ಸೋಮವಾರದಿಂದ ನಿಮ್ಮನ್ನೇ ನೋಡ್ತಾ ಇದ್ದೆ."